ಆರ್ಫಾಳ ಪುಟ್ಟ ಪಿಸ್ತೂಲಿಗೆ ಒಪ್ಪಿದ ಗುಂಡು

ಕೇನ್ ಬ್ರಾಂಚ್ ಕಣಿವೆಯ ಚರ್ಚಿನಲ್ಲಿ ಆರಾಧನೆಯ ಹೊತ್ತಿಗೆ ಪಿಸ್ತೂಲಿಟ್ಟುಕೊಂಡು ಬಾಗಿಲು ಕಾಯುವವರೊಡನೆ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಆರ್ಫಾ ಸ್ಟಂಬೋ ಎದ್ದು ನಿಂತು ಕೇಳಿದಾಗ, ಮೊದಲು ಯಾರೋ ಕೆಮ್ಮಿದರು. ಆಮೇಲೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳಿಸಿತು. ನಕ್ಕವರನ್ನು ದೂರುವಂತಿಲ್ಲ. ಎಪ್ಪತ್ತು ದಾಟಿದ ವಿಧವೆ. ಆಯುಷ್ಯದ ಅರ್ಧ ಕಾಲ ಕಣಿವೆಯ ಶಾಲಾ ಬಸ್ಸಿನ ಸ್ಟೀರಿಂಗ್ ಚಕ್ರವನ್ನು ತಿರುಗಿಸಿ ತಿರುಗಿಸಿ ಬೆರಳ ಗಂಟುಗಳೆಲ್ಲ ವಾಲ್‌ನಟ್ ಕಾಯಿಗಳಂತೆ ಉಬ್ಬಿಕೊಂಡಿದ್ದವು. ಚರ್ಚಿನ ಭೋಜನಗಳಿಗೆ ಬಣ್ಣಬಣ್ಣದ ಜೆಲ್ಲಿ ಮಾಡಿ ತರುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ ಎಂಬುದು ಊರಿಗೆ ಊರೇ ಒಪ್ಪಿದ ಮಾತು. ಅಂಥವಳು ಬಾಗಿಲು ಕಾಯುವುದೆಂದರೆ?

ಆದರೆ ದೇವರು ತನ್ನ ಕೆಲಸಕ್ಕೆ ಆಳುಗಳನ್ನು ಆರಿಸುವಾಗ ನಮ್ಮ ನಿಮ್ಮ ಅಳತೆಗೋಲನ್ನು ಕೇಳಿ ಪಡೆಯುವುದಿಲ್ಲ.

ಬಾಗಿಲು ಕಾಯುವವರ ಹಿರಿಯನೆಂದರೆ ಚರ್ಚಿನ ಡೀಕನ್ ಗಾರ್ಲೆಂಡ್ ಪ್ರಾಟರ್. ಪೊಲೀಸ್ ಕೆಲಸದಿಂದ ನಿವೃತ್ತನಾದವನು. ಎದೆ ಅಗಲ, ದನಿ ಅದಕ್ಕಿಂತ ಅಗಲ. ಸಭೆ ಮುಗಿದ ಮೇಲೆ ಆಕೆಯನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡನು.

"ಸಿಸ್ಟರ್ ಆರ್ಫಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹತ್ರ ಇರೋದು ಯಾವ ಪಿಸ್ತೂಲು?"

"ನಮ್ಮ ಯಜಮಾನರು ವರ್ಲಿನ್‌ದು. ಮೂವತ್ತೆರಡರ ಅಳತೆ ತೋಟಾದ್ದು. ಮೇಲಂಗಿ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದರಲ್ಲ, ಅದೇ."

"ಅಯ್ಯೋ, ಅದನ್ನ ನಾವು ಇಲಿ ಪಿಸ್ತೂಲು ಅಂತೀವಿ!"

"ಅನ್ನಿ ಬ್ರದರ್. ಗುಂಡು ಏರಿಸೋಕೆ ನಿಮ್ಮ ಆನೆ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಎಳೀಬೇಕು, ಅದು ಈ ಕೈಯಲ್ಲಿ ಆಗಲ್ಲ. ಆಗದೇ ಇರೋ ಆನೆಗಿಂತ ಮಾತು ಕೇಳೋ ಇಲಿ ವಾಸಿ."

ಗಾರ್ಲೆಂಡ್ ನಕ್ಕನು. ನಕ್ಕರೂ ನಿಯಮ ನಿಯಮವೇ. ಶನಿವಾರ ಬೆಳಿಗ್ಗೆ ಅವನ ಕೊಟ್ಟಿಗೆಯ ಹಿಂದೆ ಪರೀಕ್ಷೆ. ಚರ್ಚಿನ ಅಡುಗೆಮನೆಯ ಕಾಗದದ ತಟ್ಟೆಯೇ ಗುರಿ. ಎಲ್ಲ ಗುಂಡೂ ತಟ್ಟೆಯೊಳಗೆ ಬೀಳಬೇಕು. ಪಿಸ್ತೂಲು ಒಮ್ಮೆಯೂ ಸಿಕ್ಕಿಕೊಳ್ಳಬಾರದು. ಭಾನುವಾರ ಯಾವ ತೋಟಾ ತುಂಬಿಕೊಂಡು ಬರುತ್ತಾರೋ ಅದೇ ತೋಟಾದಿಂದ ಹೊಡೆಯಬೇಕು. ಕೊನೆಯದಾಗಿ, ಆ ತೋಟಾಗಳ ತುದಿಯಲ್ಲಿರುವುದು ಕುಳಿಗುಂಡೇ ಆಗಿರಬೇಕು. ಕುಳಿಗುಂಡೆಂದರೆ ಮೂತಿಯಲ್ಲಿ ಸಣ್ಣ ಗುಣಿಯಿರುವಂಥದ್ದು; ತಾಗಿದೊಡನೆ ಹೂವಿನಂತೆ ಅರಳಿ, ಒಳಗೇ ನಿಂತುಬಿಡುತ್ತದೆ, ಆಚೆ ಹಾಯ್ದು ಹಿಂದಿರುವ ನಿರಪರಾಧಿಗೆ ತಗಲುವುದಿಲ್ಲ ಎಂಬ ನಂಬಿಕೆ.

"ಇಷ್ಟಾದರೆ ನಿಮ್ಮನ್ನ ತಡೆಯೋ ಗಂಡಸು ನಾನಲ್ಲ," ಎಂದನು ಗಾರ್ಲೆಂಡ್. "ಆಗದಿದ್ದರೆ ನೀವು ಜೆಲ್ಲಿ ಮಾಡ್ಕೊಂಡಿರಿ, ನಾವು ತಿನ್ಕೊಂಡಿರ್ತೀವಿ."

ಆರ್ಫಾ ಹಟ ಹಿಡಿದದ್ದು ಶೋಕಿಗಲ್ಲ, ಬ್ರಿಯಾನಾಳಿಗಾಗಿ. ಈ ಹುಡುಗಿ ಆರ್ಫಾಳ ಬಸ್ಸಿನಲ್ಲೇ ಬೆಳೆದವಳು. ತೊರೆಯ ತುದಿಯ ಅವಳ ಮನೆಯೆದುರು ಸಂಜೆ ಅವಳನ್ನು ಇಳಿಸಿದ ಮೇಲೆ, ಆ ಮಗು ಬಾಗಿಲು ತೆರೆದು, ಒಳಗೆ ಹೋಗಿ, ಬಾಗಿಲು ಮುಚ್ಚುವ ತನಕ ಆರ್ಫಾ ಬಸ್ಸನ್ನು ಕದಲಿಸುತ್ತಿರಲಿಲ್ಲ. ಬೇರೆ ಮಕ್ಕಳು ಬೊಬ್ಬೆ ಹೊಡೆಯಲಿ, ಹಿಂದಿನ ಲಾರಿಯವನು ಹಾರನ್ ಒತ್ತಲಿ. ಬಾಗಿಲು ಮುಚ್ಚಿದ ಮೇಲೆಯೇ ಬಸ್ಸು ಮುಂದಕ್ಕೆ. ಆ ಹುಡುಗಿ ಈಗ ದೊಡ್ಡವಳಾಗಿ, ಹೊಡೆಯುವ ಗಂಡನನ್ನು ಬಿಟ್ಟು, ಚರ್ಚಿನ ಪಕ್ಕದ ಅತಿಥಿಮನೆಯಲ್ಲಿದ್ದಳು. ಆ ಮನುಷ್ಯ ಚಳಿಗಾಲದ ಒಂದು ಭಾನುವಾರ ಕೀರ್ತನೆಯ ನಡುವೆ ಬಾಗಿಲನ್ನು ಒದ್ದು ಒಳನುಗ್ಗಿ, ಎಲ್ಲರೆದುರು ಅವಳ ಕೂದಲು ಹಿಡಿದು ಎಳೆದಿದ್ದ. ಜೈಲಿಗೆ ಹೋದ. ಈಗ ಹೊರಬಂದಿದ್ದ. ಹತ್ತಿರ ಸುಳಿಯಕೂಡದೆಂದು ನ್ಯಾಯಾಲಯದ ಆಜ್ಞೆಯೇನೋ ಇತ್ತು; ಆದರೆ ಕಾಗದ ಬಾಗಿಲಿಗೆ ಅಗುಳಿಯಾಗುವುದಿಲ್ಲ, ಪೊಲೀಸ್ ಠಾಣೆಯೋ ಬೆಟ್ಟದ ಆಚೆ ಮಗ್ಗುಲಿಗೆ. ಆ ಭಾನುವಾರದಿಂದ ಬ್ರಿಯಾನಾ ಆರಾಧನೆಗೆ ಬರುವುದನ್ನೇ ನಿಲ್ಲಿಸಿದ್ದಳು. ಚರ್ಚಿಗೆ ಬೆನ್ನು ಹಾಕಿದಂತೆ ದೇವರಿಗೂ ಬೆನ್ನು ಹಾಕುತ್ತಿದ್ದಾಳೇನೋ ಎಂಬುದು ಆರ್ಫಾಳ ಸಂಕಟ.

"ನೀವು ನನ್ನ ಪಕ್ಕ ಕೂತ್ಕೊಂಡರೆ ಬರ್ತೀನಿ ಅಜ್ಜಿ," ಎಂದಿದ್ದಳು ಅವಳು. "ಬಾಗಿಲ ಹತ್ರ ನಿಲ್ಲೋ ಗಂಡಸರು ಕೀರ್ತನೆ ಶುರುವಾದರೆ ಕಣ್ಣು ಮುಚ್ಕೊಂಡು ಹಾಡ್ತಾರೆ. ನೀವು ಕಣ್ಣು ಮುಚ್ಚಲ್ಲ. ನನಗೆ ಗೊತ್ತು."

"ಕೂತ್ಕೋತೀನಿ ಮಗಳೇ," ಎಂದು ಆರ್ಫಾ ಮಾತು ಕೊಟ್ಟಿದ್ದಳು. ಕೊಟ್ಟ ಮಾತು, ಇಟ್ಟ ಹೆಜ್ಜೆ, ಎರಡನ್ನೂ ಹಿಂತೆಗೆಯುವ ವಂಶದವಳಲ್ಲ ಅವಳು.

ಸೋಮವಾರ ಬೆಳಗಾಗುತ್ತಲೇ ಆರ್ಫಾ ಎಸ್ಟಿಲ್ ಕಾಂಬ್ಸ್‌ನ ಅಂಗಡಿಯಲ್ಲಿದ್ದಳು. ಒಂದು ಕಡೆ ಮೀನಿನ ಗಾಳ, ಎರೆಹುಳು. ಇನ್ನೊಂದು ಕಡೆ ಬಂದೂಕು, ತೋಟಾ. ನಡುವೆ ಕಾಫಿಯ ಹಂಡೆ. ಎಸ್ಟಿಲ್ ಗಡ್ಡ ನರೆತವನಾದರೂ ಆರ್ಫಾಳ ಕಣ್ಣಿಗೆ ಬಸ್ಸಿನ ಹಿಂದಿನ ಸೀಟಿನ ತುಂಟ ಹುಡುಗನೇ.

"ಎಸ್ಟಿಲ್, ಈ ಪುಟಾಣಿಗೆ ಒಳ್ಳೇ ತೋಟಾ ಬೇಕು. ಕುಳಿಗುಂಡಿನದು."

ಎಸ್ಟಿಲ್‌ನ ಮುಖ ಹಬ್ಬದ ದೀಪದಂತೆ ಬೆಳಗಿತು. ಡಬ್ಬಿಗಳನ್ನು ಗಾಜಿನ ಮೇಲೆ ಒಂದೊಂದಾಗಿ ಇಳಿಸತೊಡಗಿದನು. ಒಂದರ ಮೈ ಬೆಳ್ಳಿಯಂತೆ, ಒಂದರ ಮೂತಿ ತಾಮ್ರದಂತೆ, ಇನ್ನೊಂದರ ಕುಳಿಯೊಳಗೆ ಕೆಂಪು ರಬ್ಬರಿನ ಚುಕ್ಕೆ. ಆರ್ಫಾಳಿಗೆ ಮದುವೆಯ ಹಿಂದಿನ ದಿನ ಉಂಗುರದ ಅಂಗಡಿಗೆ ಹೋದ ನೆನಪಾಯಿತು.

"ಇದು ತಗೊಳ್ಳಿ, ಹೂವು ಅರಳಿದ ಹಾಗೆ ಅರಳುತ್ತೆ. ಇಲ್ಲ, ಇದು ತಗೊಳ್ಳಿ. ಅಥವಾ..." ಎಸ್ಟಿಲ್ ಗಡ್ಡ ತುರಿಸಿಕೊಂಡನು. "ನಿಜ ಹೇಳ್ಲಾ? ದೊಡ್ಡ ಪಿಸ್ತೂಲಲ್ಲಾದರೆ ಕಣ್ಣು ಮುಚ್ಕೊಂಡು ಕೊಡ್ತಿದ್ದೆ. ಈ ಪುಟ್ಟದರಲ್ಲಿ ಮದ್ದಿನ ತಳ್ಳು ಕಮ್ಮಿ. ಗುಂಡು ಬೇಗ ಅರಳಿಬಿಟ್ಟರೆ ಚರ್ಮದ ಕೆಳಗೇ ನಿಂತುಬಿಡುತ್ತೆ. ದಪ್ಪ ಬಟ್ಟೆ ಕುಳಿಗೆ ತುಂಬ್ಕೊಂಡರೆ ಅರಳೋದೇ ಇಲ್ಲ."

"ಹಾಗಾದರೆ ಯಾವುದು ಒಳ್ಳೇದು ಅಂತ ಹೇಳೋರು ಯಾರಪ್ಪಾ?"

"ಜೆಲಟಿನ್ ಹೇಳುತ್ತೆ. ಮಾಂಸದಷ್ಟು ಗಟ್ಟಿ ಜೆಲಟಿನ್ ಮುದ್ದೆ ಮಾಡಿ, ಮುಂದೆ ಹಳೇ ಜೀನ್ಸ್ ಬಟ್ಟೆ ಮಡಚಿ ಕಟ್ಟಿ, ಹೊಡೆದು ನೋಡ್ತಾರೆ. ಗುಂಡು ಎಷ್ಟು ದೂರ ಹೋಯ್ತು, ಅರಳ್ತೋ ಇಲ್ವೋ, ಗಾಜಿನ ಒಳಗೆ ನೋಡಿದ ಹಾಗೆ ಕಾಣುತ್ತೆ." ಇದ್ದಕ್ಕಿದ್ದಂತೆ ಅವನು ಗಾಜಿನ ಮೇಜನ್ನು ತಟ್ಟಿದನು. "ಅರೆ, ನಾನು ಯಾರ ಹತ್ರ ಹೇಳ್ತಿದ್ದೀನಿ! ಈ ಕೌಂಟಿಯಲ್ಲಿ ನಿಮ್ಮಷ್ಟು ಚೆನ್ನಾಗಿ ಜೆಲ್ಲಿ ಮಾಡೋರು ಬೇರೆ ಯಾರಿದ್ದಾರೆ?"

ಆರ್ಫಾ ಅಲ್ಲೇ ನಿಂತಲ್ಲೇ ಜೋರಾಗಿ ನಕ್ಕಳು. ಇಷ್ಟು ವರ್ಷ ಕಲಕಿದ ಜೆಲ್ಲಿಯೆಲ್ಲ ಈ ಒಂದು ಕರೆಗಾಗಿ ನಡೆದ ತಾಲೀಮೇನೋ ಎಂದು ಆಕೆಗೆ ಅನಿಸಿತು. ಕೆಂಪು ಚುಕ್ಕೆಯ ಡಬ್ಬಿಯನ್ನೂ ತಾಮ್ರಮೂತಿಯ ಡಬ್ಬಿಯನ್ನೂ ತೆಗೆದುಕೊಂಡು, ಅಂಗಡಿಯ ಹಿಂದಿನ ಮಣ್ಣುಗುಡ್ಡೆಗೆ ಒಂದಷ್ಟು ಗುಂಡು ಹೊಡೆದು ನೋಡಿದಳು. ಪಿಸ್ತೂಲು ಬೆಣ್ಣೆಯಂತೆ ನಡೆಯಿತು. ಹಾಡುತ್ತಲೇ ಮನೆಗೆ ಹೋದಳು.

ಮಂಗಳವಾರ ಪಾಕ. ರುಚಿಯಿಲ್ಲದ, ಬಣ್ಣವಿಲ್ಲದ ಜೆಲಟಿನ್ ಪುಡಿಯನ್ನು ಹದವಾದ ನೀರಿಗೆ ಚಿಮುಕಿಸಿ, ನೊರೆ ಬರದಂತೆ ಕದಡಿ, ಪಾತ್ರೆ ತೊಳೆಯುವ ಉದ್ದನೆಯ ತೊಟ್ಟಿಗೆ ಸುರಿದಳು. ಕೆಡದಿರಲಿ ಎಂದು ಎಸ್ಟಿಲ್ ಹೇಳಿಕೊಟ್ಟಂತೆ ದಾಲ್ಚಿನ್ನಿ ಎಣ್ಣೆಯ ತೊಟ್ಟುಗಳನ್ನು ಬಿಟ್ಟಳು. ಮನೆಯ ಫ್ರಿಜ್ಜಿನಲ್ಲಿ ತೊಟ್ಟಿ ಹಿಡಿಸಲಿಲ್ಲ. ಚರ್ಚಿನ ಅಡುಗೆಮನೆಯ ಫ್ರಿಜ್ಜು ದೊಡ್ಡದು; ಅದರೊಳಗೆ ಇಟ್ಟು, ಬೆಳಿಗ್ಗೆಯೊಳಗೆ ಗಟ್ಟಿಯಾಗಲೆಂದು ದೇವರಿಗೂ ಒಂದು ಮಾತು ಹೇಳಿ ಬಂದಳು.

ಇಲ್ಲಿಯೇ ಆಕೆ ಎಡವಿದ್ದು. ಬುಧವಾರ ಸಂಜೆ ಚರ್ಚಿನಲ್ಲಿ ಪ್ರಾರ್ಥನೆಗೆ ಮುಂಚೆ ಸಹಭೋಜನ. ಆ ಫ್ರಿಜ್ಜಿನೊಳಗೆ ಯಾರು ಏನಿಟ್ಟರೂ ಅದು ಸಭೆಯ ಊಟಕ್ಕೆಂದೇ ಲೆಕ್ಕ. ಅದರಲ್ಲೂ ಆರ್ಫಾ ಸ್ಟಂಬೋ ಇಟ್ಟ ಜೆಲ್ಲಿ! ಚೀಟಿ ಅಂಟಿಸಬೇಕೆಂದು ಆಕೆಗೆ ಹೊಳೆಯಲಿಲ್ಲ. ಬೇರೆ ಯಾರಿಗಾದರೂ ಅನುಮಾನ ಹುಟ್ಟುವುದಕ್ಕೆ ಕಾರಣವೂ ಇರಲಿಲ್ಲ.

ಬುಧವಾರ ಆರ್ಫಾ ತೊಟ್ಟಿ ಕೊಂಡೊಯ್ಯಲು ಎಸ್ಟಿಲ್‌ನ ಜೊತೆ ಬರುವ ಹೊತ್ತಿಗೆ ಮೇಜಿನ ಮೇಲೆ ಬೀನ್ಸ್, ಮೆಕ್ಕೆಜೋಳದ ರೊಟ್ಟಿ, ಹುರಿದ ಕೋಳಿ, ಎಲ್ಲದರ ನಡುವೆ ಒಂದು ಹೊಳೆಯುವ ಉದ್ದನೆಯ ದಿಮ್ಮಿ. ಅದರ ಮೈತುಂಬ ಹಾಲಿನ ಕೆನೆ, ಕೆನೆಯ ಮೇಲೆ ಚೆರ್ರಿ, ಚೆರ್ರಿಗಳ ನಡುವೆ ಪೆಕಾನ್ ಬೀಜ. ಪಕ್ಕದಲ್ಲಿ ಚಾಕು ಹಿಡಿದು ನಿಂತವಳು ನಾದಿನಿ ಜೆಲ್ಫಾ, ತೀರಿಹೋದ ವರ್ಲಿನ್‌ನ ತಂಗಿ.

"ಅತ್ತಿಗೆ, ಯಾಕೆ ಹೀಗೆ ಬೋಳಾಗಿ ಬಿಟ್ಟು ಹೋಗಿದ್ದೆ? ಪಾಪ, ಬೆರಳು ನೋವೇನೋ ಅಂತ ನಾನೇ ಅಲಂಕಾರ ಮಾಡಿದೆ. ಘಮ ಘಮ ದಾಲ್ಚಿನ್ನಿ!"

ಮೊದಲ ತುಂಡು ಆಗಲೇ ಗಾರ್ಲೆಂಡ್ ಪ್ರಾಟರ್‌ನ ಬಾಯಲ್ಲಿತ್ತು. ಅವನು ಅಗಿದನು. ಇನ್ನೂ ಅಗಿದನು. ಸಭೆಯೆಲ್ಲ ಅವನ ದವಡೆಯನ್ನೇ ನೋಡುತ್ತಿತ್ತು. ಕೊನೆಗೆ ಹಲ್ಲುಗಳ ನಡುವಿನಿಂದಲೇ ಕೇಳಿದನು:

"ಸಿಸ್ಟರ್, ಇದನ್ನ ನುಂಗಬೇಕಾ, ಇಲ್ಲ ಬೂಟಿಗೆ ಅಟ್ಟೆ ಹೊಡೆಸಬೇಕಾ?"

"ಅದು ತಿನ್ನೋದಲ್ಲ ಬ್ರದರ್!" ಎಂದು ಆರ್ಫಾ ಕೂಗಿದಳು. "ಅದು ಗುಂಡು ಹೊಡೆಯೋಕೆ ಮಾಡಿದ್ದು!"

"ನನ್ನ ಬಾಯಿ ಒಳಗಿದೆಯಲ್ಲ, ಈಗ ಹೆಂಗೆ ಹೊಡೀತೀರಿ?"

ನಗು ಮಾಡಿನ ತನಕ ಹಾರಿತು. ಜೆಲ್ಫಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಆ ಗದ್ದಲದ ನಡುವೆ ಅಡುಗೆಮನೆಯ ಒಳಗಿನಿಂದ ಮತ್ತೊಂದು ನಗು ಕೇಳಿಸಿ ಆರ್ಫಾ ತಿರುಗಿ ನೋಡಿದಳು. ಫ್ರಿಜ್ಜಿನ ಮಗ್ಗುಲಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಬಾಗಿಲು ಕಾಣುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ತಟ್ಟೆ ಹಿಡಿದಿದ್ದ ಬ್ರಿಯಾನಾ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಚಳಿಗಾಲದಿಂದೀಚೆಗೆ ಆ ಮುಖದಲ್ಲಿ ನಗುವನ್ನು ಯಾರೂ ಕಂಡಿರಲಿಲ್ಲ. ದಿಮ್ಮಿ ಹೋದರೆ ಹೋಗಲಿ ಎಂದು ಆರ್ಫಾ ಆ ಗಳಿಗೆಯಲ್ಲೇ ಕ್ಷಮಿಸಿಬಿಟ್ಟಳು.

ಕ್ಷಮಿಸಿದರೂ, ಜೆಲ್ಫಾ ತುಂಡುತುಂಡು ಕತ್ತರಿಸಿದ್ದ ದಿಮ್ಮಿ ಇನ್ನು ಗುಂಡಿಗೆ ಬರುವಂತಿರಲಿಲ್ಲ; ಹೊಸದನ್ನು ಮಾಡಲು ಪುಡಿಯಿರಲಿಲ್ಲ, ತರಿಸಲು ಸಮಯವಿರಲಿಲ್ಲ.

"ಇನ್ನೇನು ಮಾಡೋದು?" ಎಂದು ಎಸ್ಟಿಲ್ ತಲೆ ಕೆರೆದುಕೊಂಡನು. "ನಾಳೆ ತೊರೆ ಮೇಲಿನ ನಮ್ಮ ಹೊಲಕ್ಕೆ ಬನ್ನಿ, ಅಲ್ಲಿ ಜಾಗ ಜಾಸ್ತಿ. ಮಣ್ಣಿನ ದಿಬ್ಬಕ್ಕೇ ಹೊಡೆಯೋಣ. ಗುಂಡು ಅರಳೋದು ಕಾಣಲ್ಲ, ಆದರೆ ಕೈಯಾದರೂ ಪಳಗುತ್ತೆ."

ಗುರುವಾರ ಆರ್ಫಾ ಕೆಂಪು ಚುಕ್ಕೆಯ ಕುಳಿಗುಂಡುಗಳನ್ನು ಪಿಸ್ತೂಲಿಗೆ ತುಂಬಿ, ಕೈಚೀಲದೊಳಗಿನ ಪ್ರತ್ಯೇಕ ಚೀಲದಲ್ಲಿಟ್ಟು, ಪಕ್ಕದ ಸೀಟಿನ ಮೇಲೆ ಮಲಗಿಸಿ ಹೊರಟಳು. ತೊರೆಯ ದಾರಿಯನ್ನು ದಾರಿ ಎನ್ನುವುದು ಅದಕ್ಕೆ ಮಾಡುವ ಮರ್ಯಾದೆ. ಕಲ್ಲು, ಹಳ್ಳ, ನೀರು ಹಾಯುವ ಜಾಗ. ಕಾರು ಕುದುರೆಯಂತೆ ಕುಣಿಯಿತು, ಕೈಚೀಲವೂ ಕುಣಿಯಿತು. ದಿಬ್ಬದೆದುರು ನಿಂತು, ಉಸಿರು ಹಿಡಿದು, ಪಿಸ್ತೂಲಿನ ಟ್ರಿಗರನ್ನು ಒತ್ತಿದಳು. ಢಂ! ಮತ್ತೆ ಒತ್ತಿದಳು. ಏನೂ ಇಲ್ಲ.

ಪಿಸ್ತೂಲಿನ ಮೇಲ್ಭಾಗ ಅರ್ಧಕ್ಕೆ ಬಂದು, ಬಾಯಿ ತೆರೆದ ಮೀನಿನಂತೆ ಅಲ್ಲೇ ನಿಂತುಬಿಟ್ಟಿತ್ತು. ಎಸ್ಟಿಲ್ ತೆಗೆದುಕೊಂಡು ತಳಕ್ಕೆ ತಟ್ಟಿದನು, ಎಳೆದನು, ಜಗ್ಗಲಿಲ್ಲ. ಕೊನೆಗೆ ತೋಟಾ ತುಂಬುವ ತಗಡಿನ ಗೂಡನ್ನು ಕಷ್ಟದಿಂದ ಹೊರಗೆಳೆದು, ಪೆನ್ಸಿಲಿನಿಂದ ಚುಚ್ಚಿ ಚುಚ್ಚಿ ತೋಟಾಗಳನ್ನು ಬಿಡಿಸಬೇಕಾಯಿತು. ಆರ್ಫಾ ಆ ಪೆನ್ಸಿಲನ್ನೇ ನೋಡುತ್ತ ಯೋಚಿಸಿದಳು. ಇದೇ ಭಾನುವಾರ ಆಗಿದ್ದರೆ? ಆ ಮನುಷ್ಯ ಬಾಗಿಲಲ್ಲಿ ನಿಂತು, ಬ್ರಿಯಾನಾ ಈ ಮುದುಕಿಯ ತೋಳು ಹಿಡಿದುಕೊಂಡಿದ್ದಾಗ ಆಗಿದ್ದರೆ?

"ಸೋಮವಾರ ನಿನ್ನ ಅಂಗಡಿ ಹಿಂದೆ ಚೆನ್ನಾಗೇ ಹೊಡೀತಲ್ಲೋ ಎಸ್ಟಿಲ್!"

"ಅದೇ ನನಗೂ ಅರ್ಥ ಆಗ್ತಿಲ್ಲ. ಅದೇ ತೋಟಾ, ಅದೇ ಪಿಸ್ತೂಲು."

"ಅಲ್ಲಿ ತುಂಬಿದ ತಕ್ಷಣ ಹೊಡೆದೆ," ಎಂದಳು ಆರ್ಫಾ ನಿಧಾನವಾಗಿ. "ಇಲ್ಲಿ ತುಂಬಿ, ಈ ರಸ್ತೆಯಲ್ಲಿ ತಂದೆ."

ಇಬ್ಬರೂ ಕಾರಿನ ಬಾನೆಟ್ಟಿನ ಮೇಲೆ ಬಗ್ಗಿದರು. ಎಸ್ಟಿಲ್ ಒಂದು ಕುಳಿಗುಂಡಿನ ತೋಟಾವನ್ನೂ, ಜೇಬಿನಲ್ಲಿದ್ದ ಹಳೆಯ ಬೋಳುಗುಂಡಿನ ತೋಟಾವನ್ನೂ ಅಕ್ಕಪಕ್ಕ ಇಟ್ಟನು. ಬೋಳುಗುಂಡು ಕುಳಿಯಿಲ್ಲದ, ಗುಂಡನೆಯ ಮೂತಿಯ, ಹಳೇ ಕಾಲದ್ದು. ವರ್ಲಿನ್ ತುಂಬುತ್ತಿದ್ದದ್ದೂ ಅದನ್ನೇ. ನೋಡಿದರೆ ಕುಳಿಗುಂಡಿನದು ಒಂದು ಕೂದಲೆಳೆ ಗಿಡ್ಡ. ಗೂಡಿನೊಳಗೆ ಹಾಕಿ ಅಲ್ಲಾಡಿಸಿದರೆ ಅದು ಹಿಂದೆ ಮುಂದೆ ಜಾರಾಡುತ್ತಿತ್ತು.

ಆರ್ಫಾಳ ಕಣ್ಣು ಅರಳಿತು. "ಅಯ್ಯೋ, ಇದು ನಮ್ಮ ಬಸ್ಸಿನ ಸೀಟು ಕಣೋ! ಮೂರು ಜನ ಕೂರೋ ಸೀಟಲ್ಲಿ ಮೂವರೂ ಒತ್ತಾಗಿ ಕೂತರೆ ಯಾವ ತಿರುವಲ್ಲೂ ಯಾರೂ ಜಾರಲ್ಲ. ಇಬ್ಬರೇ ಕೂತರೆ? ನೀನೇ ಹೇಳು, ನಿನ್ನ ಹಲ್ಲು ಮುರಿದಿದ್ದು ಹೇಗೆ?"

"ಜಾರಿ ಬಂದು ಮುಂದಿನ ಕಂಬಿಗೆ ಬಡಿದು," ಎಂದು ಎಸ್ಟಿಲ್ ಹಲ್ಲು ಮುಟ್ಟಿ ನೋಡಿಕೊಂಡನು. ಆಮೇಲೆ ಹಣೆ ಬಡಿದುಕೊಂಡನು. "ಹೌದು! ಈ ಮೂವತ್ತೆರಡರ ತೋಟಾದ ಬುಡದಲ್ಲಿ ಅಂಚು ಸ್ವಲ್ಪ ಹೊರಗೆ ಚಾಚಿರುತ್ತೆ. ಜಾಗ ಸಿಕ್ಕಿ ಮೇಲಿನದು ಹಿಂದಕ್ಕೆ ಜಾರಿದರೆ ಅದರ ಅಂಚು ಕೆಳಗಿನದರ ಅಂಚಿನ ಹಿಂದೆ ಹೋಗಿ ಕೊಂಡಿ ಹಾಕ್ಕೊಳ್ಳುತ್ತೆ. ಆಮೇಲೆ ಮುಂದಕ್ಕೆ ಹೋಗೋದೇ ಇಲ್ಲ. ನಾನು ಇದನ್ನ ಕೇಳಿದ್ದೆ ಆರ್ಫಾ ಅಮ್ಮ, ಮರೆತೇಬಿಟ್ಟಿದ್ದೆ. ಥಳಥಳ ಅನ್ನೋ ಡಬ್ಬಿ ಕೊಟ್ಟು ಕಳಿಸಿದೆ. ತಪ್ಪು ನನ್ನದು."

"ತಪ್ಪು ಯಾರದೂ ಅಲ್ಲ. ಜೆಲ್ಫಾ ಆ ದಿಮ್ಮಿಗೆ ಕೆನೆ ಬಳಿಯದೇ ಇದ್ದಿದ್ದರೆ ನಾವು ಇವತ್ತು ಅಂಗಡಿ ಹಿಂದೆ ಕೂತು ಜೆಲ್ಲಿಗೆ ಹೊಡೀತಾ, ಎಷ್ಟು ಚೆನ್ನಾಗಿ ಅರಳ್ತು ಅಂತ ಹಿಗ್ತಿದ್ವಿ. ಈ ರಸ್ತೆಗೆ ಬರ್ತಾನೇ ಇರಲಿಲ್ಲ."

ಹೀಗೆ ನಮ್ಮ ಯೋಜನೆಗಳನ್ನು ಸಭೆಯ ಮೇಜಿನ ಮೇಲೆ ಚೂರುಚೂರು ಮಾಡಿ ಹಂಚುವ ಕೈಯೇ ನಮ್ಮನ್ನು ಕಾಯುವ ಕೈಯೂ ಆಗಿರುತ್ತದೆ. ಆರ್ಫಾ ಅಲ್ಲೇ ತಲೆಬಾಗಿ ಸ್ತೋತ್ರ ಹೇಳಿದಳು; ಎಸ್ಟಿಲ್ ಟೊಪ್ಪಿಗೆ ತೆಗೆದನು.

ಎಸ್ಟಿಲ್ ಅಂಗಡಿಯಿಂದ ತಂದುಕೊಟ್ಟ ಡಬ್ಬಿಯ ಬೋಳುಗುಂಡುಗಳನ್ನು ತುಂಬಿ ಆಕೆ ಅದೇ ದಾರಿಯಲ್ಲಿ ಕಾರು ಕುಣಿಸಿಕೊಂಡು ಹೋದಳು, ಬಂದಳು, ಹೊಡೆದಳು. ಮತ್ತೆ ಹೋದಳು, ಬಂದಳು, ಹೊಡೆದಳು. ಡಬ್ಬಿ ಮುಗಿಯುವ ತನಕ ಪಿಸ್ತೂಲು ಒಮ್ಮೆಯೂ ತಡವರಿಸಲಿಲ್ಲ.

"ಆದರೆ ಒಂದು ಮಾತು," ಎಂದನು ಎಸ್ಟಿಲ್. "ಬೋಳುಗುಂಡು ಅರಳಲ್ಲ. ಇಂಥ ಸಣ್ಣ ಪಿಸ್ತೂಲಿಗೆ ಆಳ ಹೋಗೋದೇ ಮುಖ್ಯ, ಅದು ಸರಿ. ಆದರೆ ಆಚೆ ಹಾದು ಹೋದರೂ ಹೋಗಬಹುದು. ಹಿಂದೆ ಯಾರಿದ್ದಾರೆ ಅನ್ನೋದು ನಿಮ್ಮ ತಲೆ ಮೇಲೆ."

ಆ ಮಾತು ಆಕೆಯ ಎದೆಗೆ ನಾಟಿತು. ಶುಕ್ರವಾರ ಬೆಳಿಗ್ಗೆ ಖಾಲಿ ಚರ್ಚಿಗೆ ಹೋಗಿ, ಒಂದೊಂದು ಬೆಂಚಿನಲ್ಲೂ ಕುಳಿತು, ಬಾಗಿಲ ಕಡೆ ತೋಳು ನೀಡಿ ನೋಡಿದಳು. ನಡುವಿನ ಬೆಂಚಿನಿಂದ ನೋಡಿದರೆ ಬಾಗಿಲ ಹಿಂದೆ ಅಂಗಳ. ಅಲ್ಲಿ ತಡವಾಗಿ ಬರುವವರು ಮಕ್ಕಳ ಕೈ ಹಿಡಿದು ನಡೆಯುತ್ತಾರೆ. ಬಲಗಡೆಯಿಂದ ನೋಡಿದರೆ ಬಾಗಿಲಿಗೆ ಹೊಂದಿಕೊಂಡೇ ಕೂಸುಗಳ ಕೋಣೆಯ ತೆಳು ಗೋಡೆ. ಕೊನೆಗೆ ಎಡಗಡೆಯ ಕಿಟಕಿಯ ಪಕ್ಕದ ಬೆಂಚಿನ ಮೂಲೆಯಲ್ಲಿ ಕುಳಿತಾಗ, ಬಾಗಿಲಿನಾಚೆ ಕಂಡದ್ದು ಬೆಟ್ಟವನ್ನು ಕಡಿದ ದಪ್ಪ ಮಣ್ಣಿನ ಗೋಡೆ. ಅಲ್ಲಿ ಯಾರೂ ನಿಲ್ಲುವುದಿಲ್ಲ, ನಡೆಯುವುದಿಲ್ಲ.

ಜಾಗ ಸಿಕ್ಕಿತು. ಆದರೆ ಅದು ಜೆಲ್ಫಾಳ ಜಾಗ. ಅವಳ ತಾಯಿ ಕೂತದ್ದು, ತಾಯಿಯ ತಾಯಿ ಕೂತದ್ದು. ಕೇನ್ ಬ್ರಾಂಚಿನಲ್ಲಿ ಹೊಲದ ಬೇಲಿಯನ್ನು ಸರಿಸಿದರೂ ಕ್ಷಮೆ ಸಿಕ್ಕೀತು, ಬೆಂಚಿನ ಜಾಗವನ್ನು ಕೇಳಿದರೆ ಇಲ್ಲ. ಆರ್ಫಾ ನೇರವಾಗಿ ನಾದಿನಿಯ ಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಜೆಲ್ಫಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಆ ಬೆಂಚಿನ ಮೆತ್ತೆ ನಮ್ಮಮ್ಮ ಹೊಲಿದಿದ್ದು," ಎಂದಳು.

"ಮೆತ್ತೆ ಅಲ್ಲೇ ಇರಲಿ. ಜೋಪಾನವಾಗಿ ಕೂತ್ಕೋತೀನಿ."

"ಕಿಟಕಿ ಗಾಳಿಗೆ ನಿನ್ನ ಕೈ ನೋವು ಜಾಸ್ತಿ ಆಗುತ್ತೆ ಅತ್ತಿಗೆ." ಆಮೇಲೆ ಜೆಲ್ಫಾ ಕಣ್ಣೊರೆಸಿಕೊಂಡು ನಕ್ಕಳು. "ತಗೋ. ಜೆಲ್ಲಿಗೆ ಇದು ಸರಿಹೋಯ್ತು. ಇನ್ಮೇಲೆ ಅದರ ಮಾತು ಯಾರೂ ಎತ್ತಕೂಡದು, ಅಷ್ಟೇ."

ಶನಿವಾರ ಗಾರ್ಲೆಂಡ್‌ನ ಕೊಟ್ಟಿಗೆಯ ಹಿಂದೆ ಅರ್ಧ ಸಭೆಯೇ ಕೂಡಿತ್ತು. ಬ್ರಿಯಾನಾಳೂ ಬಂದು ಎಸ್ಟಿಲ್‌ನ ಟ್ರಕ್ಕಿನೊಳಗೆ ಗಾಜು ಅರ್ಧ ಇಳಿಸಿ ಕುಳಿತಿದ್ದಳು. ಬೇಲಿಗೆ ಬಿಳಿಯ ತಟ್ಟೆ ಚುಚ್ಚಿತ್ತು. ಗಾರ್ಲೆಂಡ್ ಆರ್ಫಾಳ ತೋಟಾವನ್ನು ಬೆರಳಲ್ಲಿ ತಿರುಗಿಸಿ ನೋಡಿ ತಲೆಯಲ್ಲಾಡಿಸಿದನು.

"ಸಿಸ್ಟರ್, ಇದು ಬೋಳುಗುಂಡು. ನಿಯಮ ಏನು ಹೇಳಿದ್ದೆ?"

"ಹೇಳಿದ್ದು ನೆನಪಿದೆ ಬ್ರದರ್. ಕುಳಿಗುಂಡಿಂದೇ ಹೊಡೀಬೇಕು ಅಂದರೆ ಹೊಡೀತೀನಿ. ಒಂದೇ ಬೇಡಿಕೆ: ಈ ಪಿಸ್ತೂಲಿಗೆ ಕುಳಿಗುಂಡು ತುಂಬಿ ನಿಮ್ಮ ಟ್ರಕ್ಕಲ್ಲಿ ತೊರೆ ದಾರೀಲಿ ಹೋಗಿ ಬನ್ನಿ. ಬಂದ ಮೇಲೆ ಮೊದಲು ನೀವೇ ಹೊಡೀರಿ."

"ಏನು, ಪಿಸ್ತೂಲಿಗೆ ಗಾಳಿ ಸವಾರಿನಾ?" ಎಂದು ನಕ್ಕರೂ, ಸವಾಲನ್ನು ಬಿಡುವ ಜಾತಿಯವನಲ್ಲ ಗಾರ್ಲೆಂಡ್. ಹೋದನು. ಟ್ರಕ್ಕಿನ ಸದ್ದು ತೊರೆಯ ತಿರುವಿನಲ್ಲಿ ಕರಗಿತು. ಕಾಯುವವರ ನಡುವೆ ಕಾಫಿಯೂ ಪಂದ್ಯದ ಮಾತೂ ಓಡಾಡಿದವು. ಆರ್ಫಾ ಮಾತ್ರ ದಾರಿಯ ತಿರುವನ್ನೇ ನೋಡುತ್ತಿದ್ದಳು. ಪಿಸ್ತೂಲು ಈ ಸಲ ಸಿಕ್ಕಿಕೊಳ್ಳದೆ ಹೋದರೆ? ಅಹಂಕಾರಿ ಮುದುಕಿ ಎನಿಸಿಕೊಳ್ಳುವುದಿರಲಿ. ಬ್ರಿಯಾನಾ ಆ ಟ್ರಕ್ಕಿನ ಗಾಜನ್ನು ಪೂರ್ತಿ ಏರಿಸಿಬಿಡುತ್ತಾಳೆ. ಕರ್ತನೇ, ನಿನ್ನ ರಸ್ತೆಯ ಒಂದು ಕಲ್ಲನ್ನೂ ಇವತ್ತು ಕಡಿಮೆ ಮಾಡಬೇಡ ಎಂದು ಬೇಡಿಕೊಂಡಳು.

ಗಾರ್ಲೆಂಡ್ ಬಂದನು, ಇಳಿದನು, ಗುರಿಯಿಟ್ಟನು. ಢಂ! ತಟ್ಟೆಯ ನಡುವೆ ತೂತು. ಮತ್ತೆ ಢಂ! ಅವನು ಆರ್ಫಾಳ ಕಡೆ ಹುಬ್ಬು ಹಾರಿಸಿದನು. ಮೂರನೆಯ ಸಲ ಒತ್ತಿದನು.

ಸದ್ದಿಲ್ಲ.

ತಟ್ಟಿದನು. ಎಳೆದನು. ಆ ಅಗಲ ಎದೆಯ ಮನುಷ್ಯ ಪಿಸ್ತೂಲನ್ನು ನೆಲದ ಕಡೆ ಮಾಡಿ, ಹಲ್ಲು ಕಚ್ಚಿ ಜಗ್ಗಿದನು. ಇಲಿ ಬಾಯಿ ಬಿಡಲಿಲ್ಲ.

"ಪೆನ್ಸಿಲ್ ಬೇಕಾ ಬ್ರದರ್?" ಎಂದು ಎಸ್ಟಿಲ್ ವಿನಯದಿಂದ ಕೇಳಿದನು.

ಜನ ಹೋ ಎಂದರು. ಗಾರ್ಲೆಂಡ್ ಕೆಂಪಗಾಗಿ, ಆಮೇಲೆ ತಾನೂ ನಕ್ಕು, ಕೊಂಡಿ ಹಾಕಿಕೊಂಡ ತೋಟಾಗಳನ್ನು ತಾನೇ ಬಿಡಿಸಿ ನೋಡಿದನು. ನೋಡುತ್ತ ನೋಡುತ್ತ ಅವನ ಮುಖ ಗಂಭೀರವಾಯಿತು. "ಇದು ನಿಜವಾದ ಹೊತ್ತಲ್ಲಿ ಆಗಿದ್ದರೆ..." ಎಂದನು. "ಆದರೆ ಸಿಸ್ಟರ್, ಬೋಳುಗುಂಡು ಆಚೆ ಹಾದರೆ? ಕೂಸುಗಳ ಕೋಣೆ ಅಲ್ಲೇ ಇದೆ."

"ನಾನು ಕೂರೋದು ಎಡಗಡೆ ಕಿಟಕಿ ಹತ್ರ. ಅಲ್ಲಿಂದ ಬಾಗಿಲ ಹಿಂದೆ ಬರೀ ಮಣ್ಣು. ಬೇರೆ ಜಾಗದಿಂದ ಕೈಚೀಲ ತೆರೆಯೋದೇ ಇಲ್ಲ, ದೇವರಾಣೆ."

"ಅದು ಜೆಲ್ಫಾ ಜಾಗ ಅಲ್ವಾ?" ಯಾರೋ ಗಾಬರಿಯಿಂದ ಕೇಳಿದರು.

"ಕೊಟ್ಟಿದ್ದೀನಿ!" ಎಂದು ಹಿಂದಿನಿಂದ ಜೆಲ್ಫಾ ಕೂಗಿದಳು. "ನಿಮ್ಮಪ್ಪಂದೇನು ಹೋಗೋದು?"

ಗಾರ್ಲೆಂಡ್ ಬೇಲಿಗೆ ಹೊಸ ತಟ್ಟೆ ಚುಚ್ಚಿ, ಬೋಳುಗುಂಡಿನ ಗೂಡನ್ನು ಪಿಸ್ತೂಲಿನ ಜೊತೆ ಆರ್ಫಾಳ ಕೈಗಿಟ್ಟು ಹಿಂದೆ ಸರಿದನು. ಆಕೆ ಬಸ್ಸಿನ ಚಕ್ರ ಹಿಡಿಯುವಂತೆಯೇ ಎರಡೂ ಕೈಯಲ್ಲಿ ಹಿಡಿದಳು, ತುಟಿ ಅಲುಗಾಡಿತು, ಗಂಟುಬೆರಳು ಒತ್ತಿತು. ಒಂದಾದ ಮೇಲೊಂದು, ಅವಸರವಿಲ್ಲದೆ, ಗೂಡು ಬರಿದಾಗುವ ತನಕ. ಗಾರ್ಲೆಂಡ್ ಬೇಲಿಗೆ ನಡೆದು ತಟ್ಟೆಯನ್ನು ಕಿತ್ತು ಬೆಳಕಿಗೆ ಹಿಡಿದನು. ತೂತುಗಳೆಲ್ಲ ಒಳಗೇ ಇದ್ದವು. ಒಂದು ಮಾತ್ರ ಅಂಚಿನ ಗೆರೆಯನ್ನು ಕಚ್ಚಿತ್ತು.

"ಅಂಚೂ ತಟ್ಟೇನೇ," ಎಂದನು ಗಾರ್ಲೆಂಡ್. "ಅಂಚಲ್ಲಿ ಉಳಿದ ಬೀನ್ಸನ್ನ ನಾನು ಯಾವತ್ತೂ ಬಿಟ್ಟವನಲ್ಲ."

ಟ್ರಕ್ಕಿನ ಗಾಜು ಪೂರ್ತಿ ಕೆಳಗಿಳಿಯಿತು.

ಭಾನುವಾರ ಆರ್ಫಾ ಎಲ್ಲರಿಗಿಂತ ಮುಂಚೆ ಬಂದು, ಹೊಲಿದ ಮೆತ್ತೆಯ ಮೇಲೆ ಕುಳಿತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಪುಟ್ಟದೆಂದು ನಕ್ಕವರು ಅದರ ಭಾರವನ್ನು ತೊಡೆಯ ಮೇಲಿಟ್ಟು ನೋಡಿದವರಲ್ಲ. ಈ ಗುಂಡುಗಳು ಇಲ್ಲಿಯೇ ಕಪ್ಪಗಾಗಿ ಮುಪ್ಪಾಗಲಿ, ಯಾರ ಮೈಯನ್ನೂ ಮುಟ್ಟದಿರಲಿ, ಆ ಮನುಷ್ಯನಿಗೂ ಒಳ್ಳೆಯ ಬುದ್ಧಿ ಬರಲಿ ಎಂದು ಆಕೆ ಮನಸಾರೆ ಬೇಡಿಕೊಂಡಳು; ಕಣ್ಣು ಮುಚ್ಚದೆಯೇ ಬೇಡಿಕೊಂಡಳು.

ಜನ ಬಂದರು, ತುಂಬಿದರು. ಪಾಸ್ಟರ್ ಕೀರ್ತನೆಗೆ ಕೈ ಎತ್ತಿ, ಅದೇಕೋ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿ ಬಾಗಿಲ ಕಡೆ ನೋಡಿದನು. ಹೊಸ್ತಿಲಲ್ಲಿ ಬ್ರಿಯಾನಾ ನಿಂತಿದ್ದಳು. ಕಾಲು ಒಳಗಿಡಲೋ ಬೇಡವೋ ಎಂಬಂತೆ ಒಮ್ಮೆ ಹಿಂದಕ್ಕೆ ನೋಡಿದಳು. ಆಮೇಲೆ ಕಿಟಕಿಯ ಪಕ್ಕದ ನರೆತಲೆ ಕಣ್ಣಿಗೆ ಬಿತ್ತು. ಬೆಂಚುಗಳ ನಡುವೆ, ಎಲ್ಲರ ಕಣ್ಣಿನೆದುರು, ಬಸ್ಸಿನಿಂದಿಳಿದ ಮಗುವಿನಂತೆ ನೆಟ್ಟಗೆ ನಡೆದುಬಂದು ಆರ್ಫಾಳ ಪಕ್ಕದಲ್ಲಿ ಕುಳಿತಳು. ಅವಳ ಹಿಂದೆ ಗಾರ್ಲೆಂಡ್ ಬಾಗಿಲನ್ನು ಎಳೆದು ಮುಚ್ಚಿದನು.

ಅಗುಳಿ ಬಿದ್ದ ಸದ್ದು ಕೇಳುವ ತನಕ ಆರ್ಫಾ ಕಾದಳು. ಬಳಿಕ ಪಾಸ್ಟರನ ಕಡೆ ನೋಡಿ, ಇನ್ನು ಹೊರಡಬಹುದು ಎಂಬಂತೆ ತಲೆಯಾಡಿಸಿದಳು. ಕೀರ್ತನೆ ಏರಿತು. ಪಕ್ಕದಲ್ಲಿ ಬ್ರಿಯಾನಾ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಕಣ್ಣು ಮುಚ್ಚಿಕೊಂಡು ಹಾಡತೊಡಗಿದಳು.